ಆಲ್ಸೆಕ್ ದಂಡೆಯ ಬಾಣಲೆ

ಆಲ್ಸೆಕ್ ನದಿಯ ದಂಡೆಯಲ್ಲಿ ಎಫಿ ಐವತ್ತು ಬೇಸಿಗೆ ಅಡುಗೆ ಮಾಡಿದ್ದಾಳೆ. ಗಂಡ ಗೋಗರೆದರೂ ಅಲ್ಲಿ ಒಮ್ಮೆಯೂ ಕೊಬ್ಬು ಕರಿದವಳಲ್ಲ. ಮೀನಿರಲಿ, ಮಾಂಸವಿರಲಿ, ಬೇಯಿಸಿದ್ದೇ. ಕರಿದ ಕೊಬ್ಬಿನ ವಾಸನೆ ಎದುರಿನ ಹಿಮನದಿಯ ಮೂಗಿಗೆ ಬಡಿದರೆ ಅದು ಕೆರಳಿ ಮುಂದೆ ನುಗ್ಗುತ್ತದೆ, ನದಿಗೆ ಅಡ್ಡ ಮಲಗುತ್ತದೆ, ಕಣಿವೆಯೆಲ್ಲ ಕೆರೆಯಾಗುತ್ತದೆ ಎಂದು ಅಜ್ಜಿ ಹೇಳಿದ್ದಳು. ಸುಳ್ಳೇನಲ್ಲ. ಹಿಂದೊಮ್ಮೆ ಹಾಗೆ ನಿಂತ ಕೆರೆ ತೇಲಿಸಿ ತಂದ ಮರದ ದಿಮ್ಮಿಗಳು ಇವತ್ತಿಗೂ ಗುಡ್ಡದ ಅರ್ಧ ಎತ್ತರದಲ್ಲಿ ಬಿದ್ದಿವೆ. ಆ ಹಿಮದ ಕಟ್ಟೆ ಒಡೆದ ದಿನ ಕೆಳಗಿನ ಊರೇ ಕೊಚ್ಚಿಹೋಗಿತ್ತು.

ಈ ಸಲ ಬಂದು ನೋಡಿದರೆ ಹಿಮನದಿ ಎಷ್ಟೋ ದೂರ ಹಿಂದೆ ಸರಿದು, ಕಲ್ಲುರಾಶಿಯಾಚೆ ಕೊಳೆಬಟ್ಟೆಯಂತೆ ಮುದುರಿ ಬಿದ್ದಿತ್ತು.

"ಅಕ್ಕಾ, ಇನ್ನೂ ಯಾರಿಗೆ ಹೆದರ್ತೀಯ? ಬೇಯ್ಸಿದ್ದು ತಿಂದೂ ತಿಂದೂ ನಾಲಿಗೆ ಜಡ್ಡುಗಟ್ಟಿದೆ," ಎನ್ನುತ್ತ ತಂಗಿ ಲಿಡಿಯಾ ಬಾಣಲೆಯನ್ನು ಒಲೆಗಿಟ್ಟಳು.

"ಸುಮ್ನಿರೇ. ಅದಕ್ಕೆ ಮೂಗಿದೆ."

"ಇದ್ರೆ ಬರ್ಲಿ ಬಿಡು! ಹೀಗೆ ಕರಗಿ ಸಾಯೋದಕ್ಕಿಂತ ಸಿಟ್ಟು ಮಾಡ್ಕೊಂಡು ಬರೋದೇ ವಾಸಿ ಅಲ್ವಾ?"

ಎಫಿ ಕಲ್ಲುರಾಶಿಯಾಚೆಗೆ ಕಣ್ಣು ಹಾಯಿಸಿದಳು. ಬಂದರೆ ಊರು ಮುಳುಗುತ್ತದೆ. ಬಾರದಿದ್ದರೆ? ಐವತ್ತು ವರ್ಷ ತಾನು ಅದನ್ನು ಶಾಂತವಾಗಿ ಇಟ್ಟಿದ್ದೋ, ಉಪವಾಸ ಕೆಡವಿದ್ದೋ?

ಅವಳ ಕೈ ತಾನಾಗಿಯೇ ಒಂದು ತುಂಡು ಕೊಬ್ಬನ್ನು ಬಾಣಲೆಗೆ ಹಾಕಿತು. ಅದು ಚುರ್ ಎಂದಿತು. ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಲು ಬೆರಳು ಒದ್ದೆ ಮಾಡಿ ಎತ್ತಿ ಹಿಡಿದಳು. ಎತ್ತ ಬೀಸಲೆಂದು ತಾನು ಬಯಸುತ್ತಿದ್ದೇನೆ ಎಂಬುದು ಮಾತ್ರ ಅವಳಿಗೆ ತಿಳಿಯಲಿಲ್ಲ.