ಎರಡು ಪ್ರಬಂಧ, ಒಂದು ಕಾಲುಂಗುರ

ಪಾಂಡವಪುರದಿಂದ ಆರು ಮೈಲಿ ಆಚೆ, ನಾಲೆ ಬಯಲಿನ ಒಂದು ಹಳ್ಳಿ. ಅಲ್ಲಿನ ವಾಚನಾಲಯವನ್ನು ಚಿಕ್ಕಸ್ವಾಮಿ ಹದಿನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದ. ಅವನ ಮನೆತನದಲ್ಲಿ ಬಿ.ಎ. ಮಾಡಿದವನು ಅವನೊಬ್ಬನೇ. ತಾನು ಓದಿದ್ದರಲ್ಲಿ ಊರಿನ ಮಕ್ಕಳಿಗೂ ಒಂದು ತುತ್ತು ಸೇರಬೇಕು ಎಂಬುದು ಅವನ ಹಟ. ಹಾಗಾಗಿ ತೊಂಬತ್ತೊಂಬತ್ತನೇ ಇಸವಿಯಲ್ಲಿ, ಮೈಸೂರಿನಲ್ಲಿ ಓದುತ್ತಿದ್ದ ಅಕ್ಕನ ಮಗ ನಾಗಾರ್ಜುನ ಇಂಟರ್ನೆಟ್ಟಿನಲ್ಲಿ ಕೇಳಿದ್ದೆಲ್ಲ ಸಿಗುತ್ತದೆ ಎಂದು ಹೇಳಿದ ದಿನ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಂದಿನಿಂದ ಪ್ರತಿ ಶನಿವಾರ ಮಕ್ಕಳ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಮೈಸೂರಿನ ಬಸ್ಸು ಹತ್ತುತ್ತಿದ್ದ. ನಾಗಾರ್ಜುನ ಸೈಬರ್ ಅಂಗಡಿಯಲ್ಲಿ ಕೂತು ಇಂಗ್ಲಿಷ್ ಹಾಳೆಗಳನ್ನು ತೆಗೆಸಿಕೊಡುತ್ತಿದ್ದ. ಚಿಕ್ಕಸ್ವಾಮಿ ನಿಘಂಟು ಇಟ್ಟುಕೊಂಡು, ಹಳೆಯ ಫಾರಂಗಳ ಖಾಲಿ ಬೆನ್ನಿನ ಮೇಲೆ ಗುಂಡನೆಯ ಅಕ್ಷರದಲ್ಲಿ ಅವನ್ನು ಕನ್ನಡಕ್ಕೆ ಇಳಿಸುತ್ತಿದ್ದ. ಇಂಗ್ಲಿಷ್ ಹಾಳೆಯ ಬುಡದಲ್ಲಿ ಅದು ಎಲ್ಲಿಂದ ತೆಗೆದದ್ದೆಂದು ಹೇಳುವ, ಅಡ್ಡಗೆರೆ, ಚುಕ್ಕೆ ತುಂಬಿದ ಒಂದು ಸಾಲು ಇರುತ್ತಿತ್ತು. ಹಳ್ಳಿ ಮಕ್ಕಳಿಗೆ ಅದರಿಂದ ಏನು ಪ್ರಯೋಜನ ಎಂದು ಬಿಟ್ಟುಬಿಡುತ್ತಿದ್ದ. ತನ್ನ ಹೆಸರು ಹಾಕಿಕೊಳ್ಳುವುದಂತೂ ಅವನಿಗೆ ಸಣ್ಣತನವೆನಿಸುತ್ತಿತ್ತು. ಬರೆದದ್ದನ್ನು ಫೈಲಿಗೆ ಸೇರಿಸಿ ಮೇಜಿನ ಮೇಲಿಡುತ್ತಿದ್ದ. ಬೇಕಾದವರು ನೋಡಿ ಬರೆದುಕೊಳ್ಳುತ್ತಿದ್ದರು.

ಡಿಸೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಪುಟ್ಟಗೌರಮ್ಮ ವಾಚನಾಲಯದ ಬಾಗಿಲಿಗೆ ಬಂದು ನಿಂತಳು. ಅವಳ ಮಗಳು ಪ್ರಿಯಾಂಕ ಹತ್ತನೇ ತರಗತಿ. ನಾಲೆ ನೀರಿನ ಬೇಸಾಯದ ಮೇಲೆ ಹೈಸ್ಕೂಲುಗಳಿಗೆಲ್ಲ ನಡೆದಿದ್ದ ಪ್ರಬಂಧ ಸ್ಪರ್ಧೆಗೆ ಬರೆದಿದ್ದಳು. ಆ ಪ್ರಬಂಧವೂ ಶ್ರೀರಂಗಪಟ್ಟಣ ಕಡೆಯ ರಂಜಿತ ಎಂಬ ಹುಡುಗಿಯದೂ ಸಾಲಿಗೆ ಸಾಲು ಒಂದೇ ಆಗಿತ್ತಂತೆ. ಯಾರದನ್ನು ಯಾರು ಕದ್ದರು ಎಂದು ಗುರುವಾರ ಪಾಂಡವಪುರದಲ್ಲಿ ವಿಚಾರಣೆ. ಅಪ್ಪ ಅಮ್ಮನೂ ಬರಬೇಕು.

ಪುಟ್ಟಗೌರಮ್ಮನ ಸಂಕಟ ಬೇರೆಯೇ ಇತ್ತು. ಹೆಡ್‌ಮಾಸ್ಟರು ಅವಳನ್ನು ಕರೆಸಿ, ನಿಮ್ಮ ಕಾಲುಂಗುರ ಗದ್ದೆಯಲ್ಲಿ ಕಳೆದುಹೋಗಿತ್ತೇ ಎಂದು ಕೇಳಿದ್ದರು.

“ನೋಡು ಚಿಕ್ಕಸ್ವಾಮಿ, ನನ್ ಕಾಲುಂಗ್ರ ನನ್ ಕಾಲಲ್ಲೇ ಅವೆ,” ಎಂದು ಅವಳು ಸೀರೆಯ ಅಂಚನ್ನು ಬೆರಳಷ್ಟು ಎತ್ತಿದಳು. “ಮುತ್ತೈದೆ ಕಾಲುಂಗ್ರ ಕೆಸರು ನುಂಗ್ತು ಅಂತ ಹೆತ್ತ ಮಗ್ಳೇ ಬರುದ್ಬುಟ್ಟವ್ಳೆ. ನಮ್ಮೆಜಮಾನ್ರು ಇನ್ನೂ ಗಟ್ಟಿಯಾಗವ್ರೆ ಕಣಪ್ಪ.”

ಆ ಸಾಲು ಎಲ್ಲಿಯದೆಂದು ಚಿಕ್ಕಸ್ವಾಮಿಗೆ ಗೊತ್ತಿತ್ತು.

ಗಂಡ ದೇವಯ್ಯ ಮನೆಯಲ್ಲಿ ಕೂಗಾಡಿದ್ದನ್ನೂ ಅವಳೇ ಹೇಳಿದಳು. ಕಳ್ಳಿ ಅನ್ನಿಸಿಕೊಂಡವಳಿಗೆ ಓದು ಯಾಕೆ, ಗುರುವಾರ ಆ ಮಾತು ನಿಜವಾದರೆ ಶುಕ್ರವಾರದಿಂದ ಸ್ಕೂಲು ಬಂದ್ ಎಂದಿದ್ದನಂತೆ. ದೇವಯ್ಯ ಆಡಿದ ಮಾತು ತಪ್ಪುವವನಲ್ಲ. ಪರೀಕ್ಷೆಗೆ ಮೂರೂವರೆ ತಿಂಗಳಿತ್ತು.

ಅವಳು ಹೋದ ಮೇಲೆ ಚಿಕ್ಕಸ್ವಾಮಿ ಫೈಲು ಬಿಚ್ಚಿದ. ಹಾಳೆ ಅಲ್ಲೇ ಇತ್ತು. ನೀರು ಹೆಚ್ಚಾಗಿ ಭೂಮಿ ಜೌಗಾಗುವುದರ ಬಗ್ಗೆ ಯಾವುದೋ ದೇಶದವರು ಬರೆದದ್ದು. ಮೂಲದಲ್ಲಿ ಅಲ್ಲಿನ ರೈತನ ಟ್ರಾಕ್ಟರು ಹೂತುಹೋದ ಉದಾಹರಣೆ ಇತ್ತು. ನಮ್ಮ ಮಕ್ಕಳಿಗೆ ಇದು ಹತ್ತದು ಎಂದು ಅದನ್ನು ಕೈಬಿಟ್ಟು, ಚಿಕ್ಕಸ್ವಾಮಿ ತನ್ನದೇ ಎರಡು ಸಾಲು ಸೇರಿಸಿದ್ದ: ‘ನಮ್ಮವ್ವ ನಾಟಿಗೆ ಇಳಿದಾಗ ಜೌಗು ಗದ್ದೆಯಲ್ಲಿ ಮೊಣಕಾಲಿನವರೆಗೆ ಹೂತುಕೊಂಡಳು. ಕಾಲು ಎಳೆದುಕೊಂಡಾಗ ಎಡಗಾಲಿನ ಕಾಲುಂಗುರ ಕೆಸರಿನಲ್ಲೇ ಉಳಿಯಿತು.’

ಪ್ರಿಯಾಂಕ ಅವನ್ನೂ ಬಿಡದೆ ಬರೆದುಕೊಂಡಿದ್ದಳು. ಇನ್ನೊಬ್ಬಳು ಯಾರೆಂದು ಯೋಚಿಸಿದಾಗ ನೆನಪಾಯಿತು. ದಸರಾ ರಜಕ್ಕೆ ಅಜ್ಜಿ ಮನೆಗೆ ಬಂದಿದ್ದ ಹುಡುಗಿಯೊಬ್ಬಳು ಎರಡು ದಿನ ಕೂತು ಅದೇ ಹಾಳೆಯನ್ನು ನಕಲು ಮಾಡಿದ್ದಳು. ಅಕ್ಷರ ಚೆನ್ನಾಗಿದೆ ಮಗಳೇ ಎಂದು ಅವನೇ ಹೊಗಳಿದ್ದ.

ಹಾಳೆ ತೋರಿಸಿದರೆ ಒಬ್ಬಳದನ್ನು ಇನ್ನೊಬ್ಬಳು ಕದಿಯಲಿಲ್ಲ ಎಂಬುದು ತಿಳಿಯುತ್ತದೆ. ಆದರೆ ಆ ಅವ್ವ ಯಾರು ಎಂದು ಕೇಳದೆ ಬಿಡುತ್ತಾರೆಯೇ? ಕಾಲುಂಗುರ ಕಳೆದ ಮೂರು ತಿಂಗಳಿಗೆ ಅವನ ಅಪ್ಪ ಕರಿಯಪ್ಪ ತೀರಿಕೊಂಡಿದ್ದ. ಗಂಡನನ್ನು ಕೆಸರಲ್ಲಿ ಬಿಟ್ಟು ಬಂದವಳು ಎಂದು ಕೆರೆ ಮೆಟ್ಟಿಲ ಮೇಲೆ ಹೆಂಗಸರು ಆಡಿದ ಮಾತು ಮಾಸಲು ಇಪ್ಪತ್ತು ವರ್ಷ ಹಿಡಿದಿತ್ತು. ಅವ್ವನ ತಪ್ಪಲ್ಲ, ಜೌಗಿನ ತಪ್ಪು ಎಂದು ಎಲ್ಲಾದರೂ ಒಂದು ಕಡೆ ಬರೆದಿಡಬೇಕು ಅನ್ನಿಸಿತ್ತು, ಬರೆದಿದ್ದ. ಈಗ ಅದನ್ನೇ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು.

ಬುಧವಾರ ಸಂಜೆ, ಜಗಲಿಯಲ್ಲಿ ಅವರೆಕಾಳು ಹಿತುಕುತ್ತಿದ್ದ ಅವ್ವ ಬೈರಮ್ಮನ ಪಕ್ಕ ಕೂತು ಎಲ್ಲವನ್ನೂ ಒಪ್ಪಿಸಿದ. ಅವಳು ಕಾಳು ಹಿತುಕುವುದನ್ನು ನಿಲ್ಲಿಸಲಿಲ್ಲ.

“ನನ್ನ ಕೇಳ್ದೆ ಯಾಕ್ ಬರ‍್ದೆ?” ಎಂದಳು.

ಚಿಕ್ಕಸ್ವಾಮಿ ಕೆಳಗೆ ಬಿದ್ದ ಕಾಳು ಆಯ್ದು ಅವಳ ಮುಂದಿಟ್ಟ.

“ಓಗಿ ಯೋಳು. ಎಣ್ಮಗಿನ ಓದು ನಿಲ್ಬಾರ್ದು.”

ಗುರುವಾರ ಪಾಂಡವಪುರದ ಹೈಸ್ಕೂಲೊಂದರ ಕೋಣೆಯಲ್ಲಿ ಎರಡು ಶಾಲೆಯ ಹೆಡ್‌ಮಾಸ್ಟರುಗಳು ಎದುರುಬದುರು ಕೂತಿದ್ದರು. ತೀರ್ಪುಗಾರರು ಒಬ್ಬ ನಿವೃತ್ತ ಅಧ್ಯಾಪಕರು, ಮೆಲುದನಿಯವರು. ರಂಜಿತಳ ತಾಯಿಯನ್ನೂ ಕಾಲುಂಗುರದ ಬಗ್ಗೆ ಕೇಳಿದ್ದರು ಎಂದು ಕಾಣುತ್ತದೆ, ಆಕೆ ಪಾದಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡು ಮುಖ ಊದಿಸಿಕೊಂಡಿದ್ದಳು. ದೇವಯ್ಯ ಗೋಡೆಗೊರಗಿ ನಿಂತಿದ್ದ. ಅವನ ಕಡೆ ನೋಡುವ ಧೈರ್ಯ ಚಿಕ್ಕಸ್ವಾಮಿಗಾಗಲಿಲ್ಲ.

ಅವನು ಇಂಗ್ಲಿಷ್ ಹಾಳೆಯನ್ನೂ ತನ್ನ ಕನ್ನಡದ ಹಾಳೆಯನ್ನೂ ಮೇಜಿನ ಮೇಲಿಟ್ಟ. ತೀರ್ಪುಗಾರರು ಎರಡನ್ನೂ ನಿಧಾನವಾಗಿ ಓದಿ, ಟ್ರಾಕ್ಟರಿನ ಜಾಗಕ್ಕೆ ಬಂದ ಸಾಲಿನ ಮೇಲೆ ಬೆರಳಿಟ್ಟರು.

“ಇಲ್ಲಿ ಬಂದಿರೋ ತಾಯಿ ಯಾರು?”

“ನಮ್ಮವ್ವ ಸಾರ್. ಬೈರಮ್ಮ ಅಂತ. ಕಾಲುಂಗ್ರ ಅವಳ್ದೇ. ಇಬ್ರೂ ಮಕ್ಳು ನನ್ ಹಾಳೆ ನೋಡ್ಕಂಡು ಬರ‍್ದವ್ರೆ.”

ಊರಿನ ಹಳೆಯ ಮಾತು ದೇವಯ್ಯನಿಗೂ ಗೊತ್ತಿತ್ತು. ಅವನು ತಲೆ ತಗ್ಗಿಸಿದ.

ಇದು ಎಲ್ಲಿಂದ ಬಂದದ್ದು, ಯಾರು ಬರೆದದ್ದು ಎಂದು ಹಾಳೆಯಲ್ಲಿ ಯಾಕೆ ಹಾಕಲಿಲ್ಲ ಎಂದು ತೀರ್ಪುಗಾರರು ಕೇಳಿದರು. ಚಿಕ್ಕಸ್ವಾಮಿ ತನಗೆ ತಿಳಿದಂತೆ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಮಾತೇ ಅವನಿಗೆ ಪೊಳ್ಳೆನಿಸಿತು. ಯಜಮಾನನಿಲ್ಲದ ಮಾಲು ಎಂಬಂತೆ ಹದಿನೈದು ವರ್ಷದ ಮಕ್ಕಳ ಕೈಗೆ ಕೊಟ್ಟವನು ತಾನೇ ಅಲ್ಲವೇ?

ಪ್ರಿಯಾಂಕ ಅಳುತ್ತಾ ಎದ್ದು ನಿಂತಳು. “ಲೈಬ್ರರೀಲಿ ಇರೋದ್ನ ಬರೀಬೋದು ಅನ್ಕಂಡಿದ್ದೆ ಸಾರ್.”

“ಬರ್ಕೊಳ್ಳಮ್ಮ, ತಪ್ಪಿಲ್ಲ. ಕೆಳಗೆ ನಿನ್ನ ಹೆಸರು ಹಾಕಿದ್ಯಲ್ಲ, ಅದು ತಪ್ಪು. ನಿನಗೆ ನಿನ್ನ ತಾಯಿ ಇದ್ದಾರೆ. ಅವರನ್ನ ನೋಡಿ ಬರೀಬಹುದಿತ್ತು.”

ಎರಡೂ ಪ್ರಬಂಧಗಳನ್ನು ಸ್ಪರ್ಧೆಯಿಂದ ತೆಗೆದರು. ಕಳ್ಳತನ ಎಂಬ ಮಾತನ್ನು ಯಾವ ಕಾಗದದಲ್ಲೂ ಬರೆಯಬಾರದೆಂದು ಹೆಡ್‌ಮಾಸ್ಟರುಗಳಿಗೆ ಹೇಳಿ ಎದ್ದರು.

ವಾಪಸು ಬಸ್ಸಿನಲ್ಲಿ ತಾಯಿ ಮಗಳು ಮುಂದೆ ಕೂತರು. ದೇವಯ್ಯ ಬಂದು ಚಿಕ್ಕಸ್ವಾಮಿಯ ಪಕ್ಕ ಕೂತ. ಕಬ್ಬಿನ ಗಾಡಿಗಳು ಅಡ್ಡ ಬಂದು ಬಸ್ಸು ಎರಡು ಕಡೆ ನಿಂತಿತು. ಊರು ಹತ್ತಿರವಾಗುತ್ತಿತ್ತು. ನಾಳೆ ಶುಕ್ರವಾರ.

“ನಾಳಿಂದ ಇಸ್ಕೂಲ್ಗೆ ಓಗ್ತಾಳೆ ಬುಡ್ಲಾ,” ಎಂದ ದೇವಯ್ಯ, ಕಿಟಕಿಯಾಚೆ ನೋಡುತ್ತಾ. “ನಿನ್ ಲೈಬ್ರರಿಗೆ ಮಾತ್ರ ಕಳ್ಸಕಿಲ್ಲ.”

“ಆಗ್ಲಿ ದೇವಯ್ಯಣ್ಣ,” ಎಂದ ಚಿಕ್ಕಸ್ವಾಮಿ.

ಇಳಿಯುವಾಗ ಪ್ರಿಯಾಂಕ ಅವನತ್ತ ಒಮ್ಮೆ ತಿರುಗಿ ನೋಡಿದಳು. ಪುಟ್ಟಗೌರಮ್ಮ ಅವಳ ಕೈ ಹಿಡಿದು ಮುಂದಕ್ಕೆ ನಡೆಸಿಕೊಂಡು ಹೋದಳು. ಅವರು ಬೀದಿಯ ತಿರುವು ದಾಟುವವರೆಗೂ ಅವನು ಬಸ್ಸಿನ ಧೂಳಿನಲ್ಲೇ ನಿಂತಿದ್ದ.