ಭಾವನ ಸೈಲೆನ್ಸರಿಗೆ ಸುತ್ತಿದ ಹಗ್ಗ

ನನ್ನ ಭಾವ ತಿರುಮಲೇಶ್ವರ ಭಟ್ಟರು ಅಡಿಗೆಯಲ್ಲಿ ಹೆಸರು ಮಾಡಿದವರು. ಬೆಳ್ಳಾರೆಯ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಿದ್ದರೂ ಮೊದಲು ಭಾವನಿಗೆ ಪುರುಸೊತ್ತು ಉಂಟೋ ಎಂದು ಕೇಳಿ, ಆಮೇಲೆ ಮುಹೂರ್ತ ನೋಡುತ್ತಿದ್ದರು. ಆದರೆ ಇದರ ಹಿಂದೊಂದು ಗುಟ್ಟಿತ್ತು. ಭಾವನಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಮೂಗೇನೋ ಮುಖದ ಅರ್ಧ ಜಾಗ ಹಿಡಿದು ಕುಳಿತಿತ್ತು. ಒಲೆಯ ಹೊಗೆ ಮತ್ತು ನಶ್ಯ ಸೇರಿ ಅದರ ಕೆಲಸ ಬಿಡಿಸಿ ಎಷ್ಟೋ ವರ್ಷವಾಗಿತ್ತು.

ನೈವೇದ್ಯ ಆಗುವ ಮೊದಲು ಅಡಿಗೆಯನ್ನು ಯಾರೂ ಬಾಯಿಗೆ ಹಾಕುವಂತಿಲ್ಲ, ಮಾಡಿದವರೂ ಅಷ್ಟೆ. ಉಪ್ಪು, ಹುಳಿ ಎಲ್ಲ ಪರಿಮಳದಲ್ಲೇ ತಿಳಿಯಬೇಕು. ನೈವೇದ್ಯವಾಗುವುದು ಎಲೆ ಹಾಕುವ ಹೊತ್ತಿಗೆ, ಆಗ ತಿದ್ದಲು ಸಮಯವಿಲ್ಲ. ಹಾಗಾಗಿ ಆ ಕೆಲಸ ನನ್ನ ಅಕ್ಕ ವಸುಮತಿಯ ಪಾಲಿಗೆ ಬಂದಿತ್ತು. ಹಪ್ಪಳ ಕರಿಯುವ ನೆಪದಲ್ಲಿ ಅವಳು ಕೊಪ್ಪರಿಗೆಯ ಹತ್ತಿರ ಹೋಗಿ, ಆವಿಗೆ ಮುಖ ಕೊಟ್ಟು ಒಮ್ಮೆ ಉಸಿರೆಳೆಯುತ್ತಿದ್ದಳು. ಸೆರಗು ಸರಿಮಾಡಿಕೊಂಡರೆ ಉಪ್ಪು ಸಾಲದು ಎಂದರ್ಥ, ಸುಮ್ಮನೆ ಹೊರಟರೆ ಸರಿಯಾಗಿದೆ. ಹೊಗಳಿಕೆಯೆಲ್ಲ ಭಾವನಿಗೆ. ಇದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು, ಅಕ್ಕನಿಗೆ ಮಾತ್ರ ನಗು.

ಅರುವತ್ತೊಂದನೇ ಇಸವಿಯಲ್ಲಿ ಭಾವ ಮಿಲಿಟರಿ ಹರಾಜಿನ ಒಂದು ಹಳೇ ಮೋಟಾರ್ ಸೈಕಲ್ ತಂದರು. ಮದುವೆಮನೆಗೆ ಅಡಿಗೆಯವರು ಬೆಳಕು ಹರಿಯುವಾಗಲೇ ಮುಟ್ಟಬೇಕು, ಮೊದಲ ಬಸ್ಸು ಬರುವಷ್ಟರಲ್ಲಿ ಅನ್ನವೇ ಬೆಂದಿರಬೇಕು. ಗಾಡಿಯ ಒಂದು ಬದಿಗೆ ಸಟ್ಟುಗ, ಜಾಲರಿಗಳ ಗೋಣಿ ನೇತು ಹಾಕಿದರು. ಅಕ್ಕ ಕಾಲು ಇಳಿಬಿಟ್ಟು ಕುಳಿತುಕೊಳ್ಳಲು ಉಳಿದದ್ದು ಇನ್ನೊಂದು ಬದಿ, ಅಂದರೆ ಸೈಲೆನ್ಸರಿನ ಬದಿ. ಐವರ್ನಾಡಿನ ಏರಿನಲ್ಲಿ ಗಾಡಿ ಕುಲುಕಿದಾಗ ಅಕ್ಕನ ಕಾಲು ಆ ಕಾದ ಕೊಳವೆಗೆ ತಾಗಿ ದೋಸೆ ಹುಯ್ದ ಹಾಗೆ ಸುಯ್ಯೆಂದಿತು.

"ಇನ್ನು ಸತ್ತರೂ ನಾನು ಇದಕ್ಕೆ ಹತ್ತುದಿಲ್ಲ. ನಿಮ್ಮ ಉಪ್ಪು ನೀವೇ ನೋಡಿಕೊಳ್ಳಿ" ಎಂದಳು ಅಕ್ಕ.

ಮುಂದಿನ ಉಪನಯನಕ್ಕೆ ಭಾವ ಒಬ್ಬರೇ ಹೋದರು. ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಮತ್ತೆ ಮತ್ತೆ ಹಾಕಿದರು. ಉಂಡವರು ಸಂಜೆಯವರೆಗೆ ಬಾವಿಕಟ್ಟೆ ಬಿಟ್ಟು ಕದಲಲಿಲ್ಲ. "ಭಟ್ರಿಗೆ ವಯಸ್ಸಾಯ್ತು ಮಾರಾಯ್ರೆ" ಎಂಬ ಮಾತು ಭಾವ ಮನೆ ಮುಟ್ಟುವ ಮೊದಲೇ ಬೆಳ್ಳಾರೆ ಮುಟ್ಟಿತ್ತು. ಕಲ್ಲುಗುಂಡಿಯ ದೊಡ್ಡ ಮದುವೆ ಎದುರಿಗಿತ್ತು. ಅಲ್ಲಿಯೂ ಹೀಗಾದರೆ ಮತ್ತೆ ಕರೆಯುವವರಿಲ್ಲ. ಅಕ್ಕನನ್ನು ಗಾಡಿ ಹತ್ತಿಸದೆ ಬೇರೆ ದಾರಿಯಿರಲಿಲ್ಲ.

ಭಾವನ ತಲೆ ಎಷ್ಟಾದರೂ ಅಡಿಗೆಯವರ ತಲೆ. ಕುದಿಯುವ ಕೊಪ್ಪರಿಗೆ ಇಳಿಸುವಾಗ ಕೈ ಸುಡದಂತೆ ಬಾಳೆದಿಂಡಿನ ಪದರ ಹಿಡಿಯುವುದು ಅವರ ಕ್ರಮ. ಅಷ್ಟು ದೊಡ್ಡ ಕೊಪ್ಪರಿಗೆಗೆ ಸಾಕಾದದ್ದು ಈ ಕೊಳವೆಗೆ ಸಾಲದೇ ಎಂದು ಹಸಿ ಬಾಳೆದಿಂಡು ಸೀಳಿ, ಸೈಲೆನ್ಸರಿಗೆ ಸುತ್ತಿ, ಬಾಳೆನಾರಿನಲ್ಲೇ ಬಿಗಿದು ಬೆಳ್ಳಾರೆಗೆ ಹೊರಟರು. ಪೇಟೆ ಮುಟ್ಟುವಾಗ ದಿಂಡು ಹದವಾಗಿ ಬೆಂದಿತ್ತು. ಹಿಂದೆ ಒಂದು ದನ ಆಸೆಯಿಂದ ಬರುತ್ತಿತ್ತು.

ಲಾರಿ ರಿಪೇರಿಯ ಸಾಹುಲ್ ಹಮೀದ್ ಕೈಯ ಸ್ಪಾನರ್ ಕೆಳಗಿಟ್ಟು, "ಎಂತ ಭಟ್ರೇ, ಪಲ್ಯ ಇಲ್ಲಿಗೇ ಮಾಡಿಕೊಂಡು ಬಂದದ್ದಾ? ಒಗ್ಗರಣೆ ಒಂದು ಬಾಕಿ ಉಂಟು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಕ್ಕಾದ ಮೇಲೆ ಅವರೇ ಬೆಂಕಿಗೂ ಸುಡದ ಕಲ್ನಾರಿನ ಹಗ್ಗ ತಂದು ಕೊಳವೆಗೆ ಒತ್ತೊತ್ತಾಗಿ ಸುತ್ತಿ, ತಂತಿ ಕಟ್ಟಿ ಕೊಟ್ಟರು. ಆ ನಾರು ಎದೆಗೆ ಕೆಟ್ಟದ್ದು ಎಂದು ಈಗ ಹೇಳುತ್ತಾರೆ, ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. "ಹೊಸತಲ್ವಾ, ಸುರುವಿಗೆ ಹೊಗೆ ಬಿಡ್ತದೆ. ನಾಲ್ಕು ದಿವಸ ನೀವೊಬ್ಬರೇ ಓಡಿಸಿ, ಮತ್ತೆ ಅಕ್ಕನನ್ನು ಕೂರಿಸಿ" ಎಂದೂ ಹೇಳಿದರು. ಭಾವ ತಲೆಯಾಡಿಸಿದರು. ಮನೆಗೆ ತಂದವರೇ, ಹೊಸ ಹಗ್ಗ ಕೊಳೆಯಾಗುತ್ತದೆಂದು ಗಾಡಿಗೆ ಗೋಣಿ ಹೊದೆಸಿ ಮದುವೆಯ ದಿನದವರೆಗೆ ಮುಟ್ಟಲಿಲ್ಲ. ಅಕ್ಕ ಹಗ್ಗವನ್ನು ಒತ್ತಿ ನೋಡಿ, "ಇದೊಂದು ಸಲ ನೋಡುವ" ಎಂದಳು.

ನಾನು ಹೆಣ್ಣಿನ ಕಡೆಯವಳಾಗಿ ಮೊದಲೇ ಕಲ್ಲುಗುಂಡಿಗೆ ಹೋಗಿದ್ದೆ. ನಸುಕಿನಲ್ಲಿ ದಾರಿಯಲ್ಲಿ ಒಂದು ಹೊಗೆಯ ಮೋಡ ಬರುವುದು ಕಂಡಿತು. ಅದರೊಳಗಿಂದ ಭಾವ ಇಳಿದರು, ಹಿಂದಿನಿಂದ ಅಕ್ಕ. ಕಾಲು ಸುಟ್ಟಿರಲಿಲ್ಲ. ಕಣ್ಣು ಕೆಂಪು, ಮೂಗಿನಿಂದ ಧಾರೆ.

ಸೌತೆಕಾಯಿ ಹುಳಿ ಕುದಿಯಿತು. ಅಕ್ಕ ಹೋಗಿ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಸೆರಗಿಗೂ ಕೈ ಹೋಗಲಿಲ್ಲ, ಕಾಲೂ ಕದಲಲಿಲ್ಲ. ಕೊನೆಗೆ ಭಾವನ ಹತ್ತಿರ ಬಂದು, "ಎಂತದ್ದೂ ಗೊತ್ತಾಗುದಿಲ್ಲ. ಬರೀ ನಿಮ್ಮ ಹಗ್ಗದ ನಾತ" ಎಂದಳು.

ಭಾವ ಅಲ್ಲೇ ಅರೆಯುವ ಕಲ್ಲಿನ ಮೇಲೆ ಕುಸಿದು ಕುಳಿತರು. ನನಗೂ ಪಾಪ ಕಂಡಿತು. ದಿಬ್ಬಣದವರು ಆಗಲೇ ಕೈಕಾಲು ತೊಳೆಯುತ್ತಿದ್ದರು.

ಅಕ್ಕ ಮೂಗು ಒರೆಸಿಕೊಂಡು ಹೇಳಿದಳು, "ಹುಳಿಯನ್ನು ದೇವರಿಗೆ ಈಗಲೇ ಇಡುವ. ನೈವೇದ್ಯ ಆದ ಮೇಲೆ ಬಾಯಿಗೆ ಹಾಕಿ ನೋಡಬಹುದಲ್ಲ?"

"ಉಪ್ಪು ಕಮ್ಮಿ ಇದ್ರೆ?"

"ದೇವರಿಗೆ ಉಪ್ಪು ಕಮ್ಮಿಯಾದ್ರೆ ಸಿಟ್ಟು ಬರುದಿಲ್ಲ. ದಿಬ್ಬಣದವರಿಗೆ ಬರ್ತದೆ."

ಪುರೋಹಿತರು ನಗುತ್ತಲೇ ಬಂದು ನೈವೇದ್ಯ ಮಾಡಿದರು. ಭಾವ ಒಂದು ಸೌಟು ಅಂಗೈಗೆ ಬಿಟ್ಟು ನೆಕ್ಕಿದರು. ಮೂಗು ಸತ್ತಿದ್ದರೂ ನಾಲಗೆಗೆ ಏನೂ ಆಗಿರಲಿಲ್ಲ. ಎರಡು ಹಿಡಿ ಉಪ್ಪು ಬಿತ್ತು. ಆ ದಿನದ ಹುಳಿಯನ್ನು ಜನ ಪಾಯಸ ಬಿಟ್ಟು ಕೇಳಿ ಕೇಳಿ ಬಡಿಸಿಕೊಂಡರು.

ಸಂಜೆ ಹೊರಡುವಾಗ ಅಂಗಳದಲ್ಲಿ ನೆಂಟರೆಲ್ಲ ಎಲೆಯಡಿಕೆ ಹಾಕುತ್ತ ಕುಳಿತಿದ್ದರು. ಭಾವ ಗಾಡಿಗೆ ಗೋಣಿ ಕಟ್ಟುತ್ತಿದ್ದರು. ಅಕ್ಕ ನಗುತ್ತಲೇ ಹೇಳಿದಳು, "ಇಷ್ಟು ವರ್ಷ ನನ್ನನ್ನು ಸುಮ್ಮನೆ ಊರಿಡೀ ತಿರುಗಿಸಿದ್ದು ನೀವು. ನೈವೇದ್ಯ ಬೇಗ ಮಾಡಿಸಿದ್ರೆ ಮುಗೀತು. ಇನ್ನು ನಾನು ಬರಬೇಕು ಅಂತ ಇಲ್ಲ."

ನಗು ಬಾಯಲ್ಲಿ ಮಾತ್ರ ಇತ್ತು. ಒಡಹುಟ್ಟಿದವಳು, ನನಗೆ ತಿಳಿಯುವುದಿಲ್ಲವೇ?

ಭಾವ ಗೋಣಿಯ ಹಗ್ಗ ಬಿಗಿಯುವುದನ್ನು ನಿಲ್ಲಿಸಿದರು. "ಬರಬೇಕು" ಎಂದರು.

"ಇನ್ನೆಂತಕ್ಕೆ? ಉಪ್ಪು ನೋಡ್ಲಿಕ್ಕಾ?"

"ಉಪ್ಪಿಗಲ್ಲ ಮಾರಾಯ್ತಿ. ಹಿಂದೆ ನೀನು ಇಲ್ಲದಿದ್ರೆ ನನಗೆ ದಾರಿ ಮುಗಿಯುದೇ ಇಲ್ಲ."

ಹತ್ತು ಜನರ ಎದುರು ಹೆಂಡತಿಯ ಹೆಸರನ್ನೂ ಹೇಳದ ಕಾಲ ಅದು. ಅಡಿಕೆ ಜಗಿಯುವ ಬಾಯಿಗಳೆಲ್ಲ ನಿಂತವು. ಅಕ್ಕ ಕಿವಿಯವರೆಗೆ ಕೆಂಪಾಗಿ, ಸೀರೆಯ ನೆರಿಗೆ ಒಟ್ಟುಮಾಡಿ ಹಿಂದೆ ಹತ್ತಿ ಕುಳಿತಳು. ಭಾವನ ಬೆನ್ನಿಗೆ ಒಂದು ಮೊಟಕು ಕೊಟ್ಟು, "ಬೇಗ ಬಿಡಿ ಇವರೇ, ಎಲ್ಲ ನೋಡ್ತಾ ಇದ್ದಾರೆ" ಎಂದಳು.