ಬೀಳಲು ಕಲಿಸಿದ ಚನ್ನಬಸಪ್ಪ ಕಾಕಾ

ಚನ್ನಬಸಪ್ಪ ಕಾಕಾ ಬೀಳುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ಹೈದರಾಬಾದಿನ ನಾರಾಯಣಗೂಡದಲ್ಲಿ ನಮ್ಮ ಸ್ಕೇಟಿಂಗ್ ರಿಂಕಿನ ಪಕ್ಕದಲ್ಲೇ ಒಂದು ಕೋಚಿಂಗ್ ಸೆಂಟರ್ ಇತ್ತು. ಅಲ್ಲಿಂದ ಹೊರಬಂದ ಹುಡುಗರು ಪುಸ್ತಕ ಬಗಲಲ್ಲಿಟ್ಟುಕೊಂಡು ಕಂಪೌಂಡಿಗೆ ಒರಗಿ ಕಾಯುತ್ತಿದ್ದರು. ಐವತ್ತು ದಾಟಿದ, ಹೊಟ್ಟೆ ಬಂದ, ಹಣೆ ತುಂಬ ವಿಭೂತಿಯ ಮನುಷ್ಯ ಕಾಲಿಗೆ ಗಾಲಿಯ ಬೂಟು ಕಟ್ಟಿಕೊಂಡು ರಭಸದಿಂದ ಬಂದು, ಎಲ್ಲರ ಕಣ್ಣೆದುರಿಗೆ ಬೇಕೆಂದೇ ಬೀಳುತ್ತಿದ್ದರು. ಎಡತೊಡೆಯ ಮೇಲೆ ಒರಗಿ, ಅಂಗೈ ಬಿಚ್ಚಿ, ನೆಲದ ಮೇಲೆ ಒಂದಷ್ಟು ದೂರ ಜಾರಿಕೊಂಡು ಹೋಗಿ, ಆ ವೇಗ ಕಳೆಯುವ ಮೊದಲೇ ಎದ್ದು ನಿಲ್ಲುತ್ತಿದ್ದರು. ಚಡ್ಡಿಗೆ ಧೂಳು ಹತ್ತಿರುತ್ತಿತ್ತು, ಅಷ್ಟೆ. "ನೋಡಿದ್ರೇನು? ನೆಲಾ ನಮ್ಮ ವೈರಿ ಅಲ್ಲ" ಎಂದು ನಮ್ಮ ಕಡೆ ತಿರುಗಿ ನಗುತ್ತಿದ್ದರು.

ಅವರು ಶಹಾಬಾದಿನ ಕಡೆಯವರು. ಬೇಗಂ ಬಜಾರಿನ ಆಚೆ ಫರಸಿ ಕಲ್ಲಿನ ಅಡ್ಡೆ ಇಟ್ಟುಕೊಂಡಿದ್ದರು. ಹೈದರಾಬಾದಿನ ಎಷ್ಟೋ ಮನೆಗಳ ನೆಲ ಅವರ ಕೈದಾಟಿ ಹೋದದ್ದು. ನನ್ನ ತಂದೆ ಕಲಬುರ್ಗಿಯವರು; ಅಡುಗೆಮನೆಗೆ ಕಲ್ಲು ಹಾಸಿಸಲು ಹೋದವರು ಕನ್ನಡ ಕೇಳಿ ಅಲ್ಲಿಯೇ ಚಹಾ ಕುಡಿದು ಬಂದರು. ಅಂದಿನಿಂದ ಅವರು ನಮ್ಮ ಕಾಕಾ ಆದರು. ಅವರ ಒಬ್ಬಳೇ ಮಗಳು ಅಂಬಿಕಾ ನನ್ನ ವಾರಿಗೆಯವಳು. ಗಾಲಿಯ ಬೂಟು ಹಾಕಿಕೊಂಡು ಕೋಲು ಹಿಡಿದು ಚೆಂಡು ಬೆನ್ನಟ್ಟುವ ರೋಲರ್ ಹಾಕಿಯ ಹುಚ್ಚು ಕಾಕಾನಿಗೆ ಕಾಲೇಜಿನಲ್ಲಿ ಹಿಡಿದದ್ದು ಬಿಟ್ಟಿರಲೇ ಇಲ್ಲ. ಒಂದು ಶಾಲೆಯ ಹಿಂದಿನ ಖಾಲಿ ಅಂಗಳಕ್ಕೆ ತಮ್ಮ ಊರಿನ ಕಲ್ಲು ತರಿಸಿ, ಸಂದು ಕಾಣದಂತೆ ಹಾಸಿಸಿ, ಕನ್ನಡಿಯ ಹಾಗೆ ಪಾಲಿಶ್ ಮಾಡಿಸಿದ್ದರು. ಅದೇ ನಮ್ಮ ರಿಂಕ್. ಭಾನುವಾರ ಬೆಳಿಗ್ಗೆ ಅದನ್ನು ಗುಡಿಸಲು ಬೇರೆ ಯಾರನ್ನೂ ಬಿಡುತ್ತಿರಲಿಲ್ಲ, ತಾವೇ ಗುಡಿಸುತ್ತಿದ್ದರು.

ಆಟ ಕಲಿಯಲು ಹೋದವರಿಗೆ ಮೊದಲು ಅವರು ಕೋಲು ಕೊಡುತ್ತಿರಲಿಲ್ಲ. ವಾರಗಟ್ಟಲೆ ಬೀಳಿಸುತ್ತಿದ್ದರು. "ಮೊಣಕಾಲು ಊರಬ್ಯಾಡ, ತೊಡಿ ಊರು. ಅಂಗೈ ಬಿಚ್ಚು. ನೆಲಾ ಎಲ್ಲಿಗೆ ಒಯ್ತದ ಅಲ್ಲಿಗೆ ಹೋಗು, ಜಿದ್ದು ಮಾಡಬ್ಯಾಡ." ಮೊಣಕಾಲಿಗೆ ಪ್ಯಾಡ್ ಕಟ್ಟುವುದೆಂದರೆ ಅವರಿಗೆ ಮೈಯೆಲ್ಲ ಉರಿ. "ಪ್ಯಾಡ್ ಕಟ್ಟಿದ ಮೊಣಕಾಲಿಗೆ ಬುದ್ಧಿ ಇರಂಗಿಲ್ಲ. ಹೆಂಗರೆ ಬಿದ್ರೂ ನಡೀತೈತಿ ಅಂತ ತಿಳಕೋತೈತಿ" ಎನ್ನುತ್ತಿದ್ದರು. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಮೈತುಂಬ ಪ್ಯಾಡ್ ಕಟ್ಟಿಕೊಂಡು ಬರುತ್ತಿದ್ದ ಬೇರೆ ತಂಡಗಳ ಮಕ್ಕಳು ದನಗಳ ಹಾಗೆ ಒಬ್ಬರ ಮೇಲೊಬ್ಬರು ನುಗ್ಗುತ್ತಿದ್ದರು. ನಾವು ಹಗುರಾಗಿ ಸರಿದು ಹೋಗುತ್ತಿದ್ದೆವು.

ನನ್ನ ಅವ್ವ ಈ ಮಾತಿಗೆ ಮಣಿಯುವವಳಲ್ಲ. ಅಬಿಡ್ಸಿನ ಅಂಗಡಿಗೆ ಹೋಗಿ ದಪ್ಪನೆಯ ಪ್ಯಾಡ್ ತಂದು, ನನ್ನ ಕೈಹಿಡಿದು ಎಳೆದುಕೊಂಡು ರಿಂಕಿಗೇ ಬಂದಳು.

"ಹೆಣ್ಣಹುಡುಗಿ ಐತ್ರಿ ಅಣ್ಣಾ. ಮೊಣಕಾಲು ಒಡಕೊಂಡು ಬಂದ್ರ ನಾ ಏನ ಮಾಡ್ಲಿ?"

"ವೈನೀ, ಹಂಗಿದ್ರ ನಿಮ್ಮ ಮಗಳನ್ನ ತಿಜೋರಿಯೊಳಗ ಇಟ್ಟು ಕೀಲಿ ಹಾಕ್ರಿ. ಆಟಾ ಯಾಕ ಬೇಕು?" ಎಂದ ಕಾಕಾ, ಅಂಬಿಕಾಳನ್ನು ಕೂಗಿದರು. ಅವಳು ಆ ತುದಿಯಿಂದ ಬಿರುಗಾಳಿಯಂತೆ ಬಂದು ಅವ್ವನ ಕಾಲಬುಡದವರೆಗೆ ಜಾರಿ ಬಿದ್ದು, ಎದ್ದು, "ನಮಸ್ಕಾರ್ರಿ ಕಾಕೂ" ಎಂದಳು. ಅವ್ವನಿಗೂ ನಗು ತಡೆಯಲಾಗಲಿಲ್ಲ. ಆ ಪ್ಯಾಡು ನಮ್ಮ ಅಟ್ಟ ಸೇರಿತು.

ಆದರೆ ಪಂದ್ಯಗಳಲ್ಲಿ ಪ್ಯಾಡ್ ಇಲ್ಲದೆ ಒಳಗೆ ಬಿಡುತ್ತಿರಲಿಲ್ಲ. ರೆಫರಿ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕಾಲು ನೋಡುತ್ತಿದ್ದ. ಅದಕ್ಕೂ ಕಾಕಾ ಒಂದು ಉಪಾಯ ಹುಡುಕಿದ್ದರು. ಪ್ಯಾಡಿನ ಹೊಲಿಗೆ ಬ್ಲೇಡಿನಿಂದ ಬಿಚ್ಚಿ, ಒಳಗಿನ ಸ್ಪಂಜು, ಮೇಲಿನ ಪ್ಲಾಸ್ಟಿಕ್ ಚಿಪ್ಪು ಎರಡನ್ನೂ ತೆಗೆದು, ಮತ್ತೆ ಹೊಲಿದುಬಿಡುತ್ತಿದ್ದರು. ಹೊರಗಿನಿಂದ ನೋಡಿದರೆ ಪ್ಯಾಡ್, ಒಳಗೆ ಹೂರಣವಿಲ್ಲದ ಹೋಳಿಗೆ. ರೆಫರಿ ದೂರದಿಂದ ನೋಡಿ ತಲೆಯಾಡಿಸುತ್ತಿದ್ದ. ಇಡೀ ಹೈದರಾಬಾದಿನಲ್ಲಿ ಹೀಗೆ ಆಡುತ್ತಿದ್ದವರು ನಾವಷ್ಟೇ ಇರಬೇಕು. ನಮಗೆ ಅದು ಮರ್ಯಾದೆಯ ವಿಷಯವಾಗಿತ್ತು. ಅಂಬಿಕಾಳ ಪ್ಯಾಡನ್ನು ಮಾತ್ರ ಕಾಕಾ ಎಲ್ಲರಿಗಿಂತ ಜಾಸ್ತಿ ಕಾಳಜಿಯಿಂದ, ಕನ್ನಡಕ ಹಾಕಿಕೊಂಡು ಹೊಲಿಯುತ್ತಿದ್ದರು.

ಅಂಬಿಕಾಳಂಥ ಆಟಗಾರ್ತಿಯನ್ನು ನಾನು ಮತ್ತೆ ನೋಡಲಿಲ್ಲ. ರಾಜ್ಯದ ತಂಡಕ್ಕೆ ಆರಿಸುವವರು ಅವಳ ಆಟ ನೋಡಬೇಕೆಂದು ಹೇಳಿಕಳಿಸಿದ್ದರು. ಊರಿನ ಇನ್ನೊಂದು ತುದಿಯಲ್ಲಿ ಹೊಸದಾಗಿ ಕಟ್ಟಿಸಿದ ರಿಂಕಿನಲ್ಲಿ ಪಂದ್ಯ. ನಾವೆಲ್ಲ ಕಾಕಾನ ಟೆಂಪೋದಲ್ಲಿ, ಕಲ್ಲಿನ ಪುಡಿಯ ನಡುವೆ ಕೂತು ಹಾಡು ಹೇಳುತ್ತ ಹೋದೆವು.

ಅಲ್ಲಿಯ ನೆಲ ಕಲ್ಲಿನದಲ್ಲ, ಸಿಮೆಂಟಿನದು. ಗಾಲಿಗೆ ಹಿಡಿತ ಸಿಗಲೆಂದು ಒರಟಾಗಿಯೇ ಬಿಟ್ಟಿದ್ದರು. ಕಾಕಾ ಒಳಗೆ ಬಂದವರೇ ಬಗ್ಗಿ ಅಂಗೈಯಿಂದ ನೆಲ ಉಜ್ಜಿದರು. ಹುಟ್ಟಿದಾಗಿನಿಂದ ಕಲ್ಲು ಮುಟ್ಟಿದ ಕೈ ಅದು. ಉಜ್ಜಿ, ಅಂಗೈ ತಿರುಗಿಸಿ ನೋಡಿಕೊಂಡರು. ನಾನು ಪಕ್ಕದಲ್ಲೇ ಇದ್ದೆ.

"ಅಪ್ಪಾ, ಇದು ಭಾಳ ಒರಟ ಐತಿ. ಎದುರು ತಂಡದ ಹುಡುಗಿ ಕಡೆ ಇನ್ನೊಂದು ಜೋಡಿ ಪ್ಯಾಡ್ ಐತಂತ. ಹಾಕ್ಕೊಳ್ಳೇನು?" ಎಂದು ಅಂಬಿಕಾ ಕೇಳಿದಳು.

ಕಾಕಾ ಅಂಗೈಗೆ ಹತ್ತಿದ ಸಿಮೆಂಟಿನ ಪುಡಿಯನ್ನು ಜುಬ್ಬಾಕ್ಕೆ ಒರೆಸಿಕೊಂಡರು. ಆ ಗಳಿಗೆಯಲ್ಲಿ ಅವರು ಹೂಂ ಅಂದಿದ್ದರೆ ಸಾಕಿತ್ತು. "ನನ್ನ ಮಗಳಾಗಿ ನೀ ಇದನ್ನ ಕೇಳ್ತೀಯಲ್ಲ" ಎಂದರು. ಅಂಬಿಕಾ ನಾಚಿಕೊಂಡು ಖಾಲಿ ಪ್ಯಾಡನ್ನೇ ಎಳೆದು ಸರಿಮಾಡಿಕೊಂಡಳು.

ಅವಳು ಬಿದ್ದದ್ದು ಮೊದಲ ಅರ್ಧದಲ್ಲಿಯೇ. ಕಾಕಾ ಕಲಿಸಿದ ಹಾಗೆಯೇ ಬಿದ್ದಳು. ತೊಡೆಯೂರಿ ಒರಗಿದಳು, ಅಂಗೈ ಬಿಚ್ಚಿದಳು, ಒಂದು ತಪ್ಪೂ ಮಾಡಲಿಲ್ಲ. ಆದರೆ ಆ ನೆಲ ಅವಳನ್ನು ಜಾರಗೊಡಲಿಲ್ಲ. ತೊಡೆ ಸಿಮೆಂಟಿಗೆ ಕಚ್ಚಿಕೊಂಡಿತು, ಮೈ ಮುಂದಕ್ಕೆ ಹೋಯಿತು, ನಡುವೆ ಸಿಕ್ಕ ಮೊಣಕಾಲು ತಿರುಚಿ ನೆಲಕ್ಕೆ ಅಪ್ಪಳಿಸಿತು. ಆ ಸದ್ದು ಗೋಲಿನ ಬಳಿ ಇದ್ದ ನನಗೂ ಕೇಳಿಸಿತು.

ಎದುರು ತಂಡದ ಕೋಚ್ ಓಡಿಬಂದು ಪ್ಯಾಡ್ ಬಿಚ್ಚಿದ. ಚಿಪ್ಪು ಇದ್ದಿದ್ದರೆ ಅದಾದರೂ ಸಿಮೆಂಟಿನ ಮೇಲೆ ಜಾರುತ್ತಿತ್ತು. ಅವನು ಆ ಬಟ್ಟೆಯ ಚೀಲವನ್ನು ಹಿಂಡಿ ನೋಡಿ, "ಇಂದುಲೋ ಏಮೀ ಲೇದು ಕದಂಡಿ!" ಎಂದು ಕೂಗಿದ. ಇದರೊಳಗೆ ಏನೂ ಇಲ್ಲವಲ್ಲ ಎಂದು ಎಲ್ಲರಿಗೂ ತೋರಿಸಿದ. ಕಾಕಾ ಅವನ ಕೈಯಿಂದ ಅದನ್ನು ಇಸಿದುಕೊಂಡು ಜುಬ್ಬಾದ ಜೇಬಿಗೆ ತುರುಕಿದರು. ಮಗಳ ಕಾಲು ಹಿಡಿದು ಕೂತರು.

ಮೊಣಕಾಲ ಚಿಪ್ಪು ಚೂರಾಗಿತ್ತು. ಆಪರೇಶನ್ ಮಾಡಿ ತಂತಿ ಕಟ್ಟಿದರು, ಇನ್ನೊಮ್ಮೆ ಬಿಚ್ಚಿ ಕಟ್ಟಿದರು. ಕಾಲು ಪೂರ್ತಿ ಮಡಚಲು ಬರಲೇ ಇಲ್ಲ. ಅವರ ಮನೆಯಲ್ಲಿ ಅಪ್ಪ ಮಗಳು ದಿನಾ ಬೆಳಿಗ್ಗೆ ಪಕ್ಕಪಕ್ಕದಲ್ಲಿ ಪದ್ಮಾಸನ ಹಾಕಿ ಲಿಂಗಪೂಜೆಗೆ ಕೂಡುತ್ತಿದ್ದರು. ಈಗ ಅಂಬಿಕಾ ಕುರ್ಚಿಯಲ್ಲಿ ಕೂತು, ಒಂದು ಕಾಲನ್ನು ಮುಂದಕ್ಕೆ ಚಾಚಿ, ಅಂಗೈಯಲ್ಲಿ ಲಿಂಗ ಹಿಡಿಯುತ್ತಿದ್ದಳು. ಕಾಕಾ ತಮ್ಮ ಮಣೆಯನ್ನು ಇನ್ನೊಂದು ಕೋಣೆಗೆ ಎತ್ತಿಕೊಂಡು ಹೋದರು.

ಆಮೇಲೆ ಅವರು ಬೇರೆ ಮನುಷ್ಯರಾದರು. ಭಾನುವಾರ ಒಂದು ಗೋಣಿಚೀಲ ತುಂಬ ಪ್ಯಾಡ್ ಹೊತ್ತು ರಿಂಕಿಗೆ ಬರುತ್ತಿದ್ದರು. ಸಿಕ್ಕ ಸಿಕ್ಕ ಮಕ್ಕಳ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಣಕಾಲಿಗೆ, ಮೊಣಕೈಗೆ ಬಿಗಿಯುತ್ತಿದ್ದರು. ಬಂದ ಮಕ್ಕಳಿಗೆ ಅವರ ತಾಯಿ ತಂದೆ ಮನೆಯಲ್ಲಿಯೇ ಎಲ್ಲ ಕಟ್ಟಿ ಕಳಿಸುತ್ತಿದ್ದ ಕಾಲ ಅದು. ಕಾಕಾ ಅದರ ಮೇಲೆ ಇನ್ನೊಂದು ಕಟ್ಟಲು ಹೋಗುತ್ತಿದ್ದರು. ಮಕ್ಕಳು ನಗುತ್ತಿದ್ದರು. ಒಂದು ದಿನ ಒಬ್ಬ ಹುಡುಗಿ ಸೆಕೆ ತಾಳದೆ ಪ್ಯಾಡ್ ಕಿತ್ತೆಸೆದು ಓಡಿದಳು. ಕಾಕಾ ಬೆನ್ನಟ್ಟಿ ಹಿಡಿದು ಕಪಾಳಕ್ಕೆ ಹೊಡೆದುಬಿಟ್ಟರು. ಹೊಡೆದು, ಅವಳಿಗಿಂತ ಜೋರಾಗಿ ತಾವೇ ಅತ್ತರು. ಮರುವಾರ ಶಾಲೆಯವರು ನಯವಾಗಿ, ಇನ್ನು ಬರಬೇಡಿ ಎಂದರು. ತಾವು ಹಾಸಿದ ನೆಲದ ಮೇಲೆ ಅವರು ಮತ್ತೆ ಕಾಲಿಡಲಿಲ್ಲ.

ನನಗೆ ಅವರ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಆ ದಿನ ಸಿಮೆಂಟು ಉಜ್ಜಿದ ಅಂಗೈಗೆ ಎಲ್ಲ ಗೊತ್ತಾಗಿತ್ತು ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ನನಗೆ ಗಾಲಿಯ ಮೇಲೆ ನಿಲ್ಲುವ ಧೈರ್ಯ ಕೊಟ್ಟವರು ಅವರೇ. ಈ ಎರಡನ್ನೂ ಒಂದು ಕಡೆ ಕೂಡಿಸಲು ನನ್ನಿಂದ ಆಗಿಲ್ಲ.

ಕೊನೆಯ ಸಲ ನೋಡಲು ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ಬಾಯಿ ಸ್ವಲ್ಪ ಸೊಟ್ಟಗಾಗಿತ್ತು. ಅಡುಗೆಮನೆಯಲ್ಲಿ ಅಂಬಿಕಾ ಕಾಲೆಳೆದುಕೊಂಡು ಓಡಾಡುವುದು ಕೇಳಿಸುತ್ತಿತ್ತು. ಆ ಸದ್ದು ಬಂದಾಗಲೆಲ್ಲ ಕಾಕಾ ಕಣ್ಣು ಮುಚ್ಚುತ್ತಿದ್ದರು.

"ವಿಜೂ, ಬೀಳೋದು ನೆನಪೈತೇನು ನಿನಗ?"

ಅವರಿಗೆ ಸಮಾಧಾನವಾಗಲಿ ಎಂದು, "ಐತ್ರಿ ಕಾಕಾ. ನೀವು ಕಲಿಸಿದ್ದು ಎಲ್ಲಿ ಹೋಗ್ತೈತ್ರಿ?" ಎಂದೆ.

ಅವರ ಕಣ್ಣಿಂದ ನೀರು ಇಳಿಯಿತು. ನನ್ನ ಮಣಿಕಟ್ಟು ಹಿಡಿದರು. ಆ ಕೈಯಲ್ಲಿ ಇನ್ನೂ ಅಷ್ಟು ಬಲ ಉಳಿದಿದೆ ಎಂದು ನಾನು ಎಣಿಸಿರಲಿಲ್ಲ.

"ಮರತ ಬಿಡವ್ವಾ. ನಾ ತಪ್ಪ ಕಲಿಸೀನಿ. ಮರತ ಬಿಡು."

ಅದೇ ವಾರ ಹೋದರು. ಮಣ್ಣು ಮಾಡಿ ಬಂದವರೆಲ್ಲ ಚದುರಿದ ಮೇಲೆ ನಾನು ಅಂಬಿಕಾಳ ಹತ್ತಿರ ಕೂತೆ. ಅವಳ ಮನಸ್ಸಿಗೆ ಸ್ವಲ್ಪ ಹಗುರಾಗಬಹುದೆಂದು ಕಾಕಾ ಆಡಿದ ಮಾತನ್ನು, ಅವರು ಆಡಿದ ಹಾಗೆಯೇ ಹೇಳಿದೆ. ಅವಳು ತನ್ನ ಚಾಚಿದ ಕಾಲನ್ನು ನೋಡಿಕೊಂಡಳು.

"ತಪ್ಪ ಕಲಿಸೀನಿ ಅಂತ ಅಪ್ಪಾ ಅಂದ್ರೇನು?"

"ಹೂಂ ಅಂಬಿಕಾ. ಅಳಾಕತ್ತಿದ್ರು."

"ಇಷ್ಟ ವರ್ಷ ಒಂದ ಮನ್ಯಾಗ ಇದ್ದೆ, ವಿಜೂ. ನನ್ನ ಕೈಲೇ ಊಟಾ ಮಾಡಿದ್ರು, ನನ್ನ ಕೈಲೇ ನೀರು ಕುಡದ್ರು. ಆ ಒಂದ ಮಾತಿಗೆ ನಾ ದಿನಾ ಕಾಯ್ತಿದ್ದೆ. ಅದನ್ನ ನಿನ್ನ ಮುಂದ ಅಂದು ಹೋದ್ರೇನು?"